ಆರು ಯಂತ್ರ, ಒಂದು ಕರೆಪತ್ರ

ಅಕ್ಟೋಬರ್ 15, ಬುಧವಾರ. ಬೆಳಿಗ್ಗೆ 8

ಕಸ ಹೊಡೆದಾಯಿತು. ಕೀಬೋರ್ಡುಗಳ ಧೂಳು ಝಾಡಿಸಿದ್ದಾಯಿತು. ಇನ್ನು ಭಾಷಣ.

ಮಾನ್ಯ ಅಧ್ಯಕ್ಷರೆ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೆ, ಹಿಂದಿನ ಸಾಲಿನಲ್ಲಿ ಶೇಂಗಾ ಬಿಡಿಸುತ್ತ ಕುಳಿತ ಮಹನೀಯರೆ, ಹಾನಗಲ್ಲಿನ ಈ ಕಂಪ್ಯೂಟರ್ ಕ್ಲಾಸಿನ ಹದಿನೆಂಟು ವರ್ಷದ ಇತಿಹಾಸದಲ್ಲಿ ಇಂದು ಸುವರ್ಣಾಕ್ಷರ ಇತ್ಯಾದಿ ಇತ್ಯಾದಿ. ನಿನ್ನೆಗೆ ವಿಂಡೋಸ್ ಹತ್ತರ ಆಯುಷ್ಯ ಮುಗಿಯಿತು, ಕಂಪನಿಯೇ ಕೈಬಿಟ್ಟಿತು. ಹನ್ನೊಂದು ಹಾಕೋಣವೆಂದರೆ ನನ್ನ ಆರೂ ಕಂಪ್ಯೂಟರ್ ಮುದುಕರು. ಅರ್ಹತೆ ಇಲ್ಲ ಎಂದು ಪರದೆಯ ಮೇಲೆಯೇ ಬರುತ್ತದೆ — ಕನ್ಯೆ ನೋಡಲು ಬಂದವರಿಗೂ ಇಷ್ಟು ಬಾಯಿ ಇರುವುದಿಲ್ಲ. ಅದಕ್ಕೇ ಆರಕ್ಕೂ ಲಿನಕ್ಸ್ ಹಾಕಿದೆ. ಪುಕ್ಕಟೆ. ಮಾಲೀಕನಿಲ್ಲ. ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು.

ಆರು ಯಂತ್ರ, ಒಂದೇ ಮಂತ್ರ;
ಯಾರ ಹಂಗೂ ಇಲ್ಲ, ಸ್ವತಂತ್ರ.

ಚಪ್ಪಾಳೆ. ನಾನೇ ಹೊಡೆದೆ.

ಅಕ್ಟೋಬರ್ 17. ಮಧ್ಯಾಹ್ನ

ಪ್ರಿಂಟರ್‌ಗೆ ಲಿನಕ್ಸ್ ಸೇರುತ್ತಿಲ್ಲ. ಮೂರು ತಾಸು. ಒಮ್ಮೆ ಖಾಲಿ ಹಾಳೆ ಬಿಟ್ಟಿತು. ಒಮ್ಮೆ ಅರ್ಧ ಹಾಳೆ ಕಚ್ಚಿಕೊಂಡು ಕೂತಿತು.

ಗಣ್ಯರೆ, ಇದೂ ಹೋರಾಟದ ಭಾಗ.

ಅಕ್ಟೋಬರ್ 27, ಸೋಮವಾರ

ದೀಪಾವಳಿ ಮುಗಿಸಿ ಬಂದವರು ಐದು ಜನ. ಹೋದಾಗ ಹದಿನಾಲ್ಕಿದ್ದರು. ಉಳಿದ ಒಂಬತ್ತು ಜನ ಎದುರಿಗೆ ಸುಭಾಸನ ಅಂಗಡಿಯಲ್ಲಿ ಕಾಣುತ್ತಾರೆ. ರಿಪೇರಿ ಅವನೇ, ಕ್ಲಾಸೂ ಅವನೇ. ಎಲ್ಲಿಂದಲೋ ತಂದ ಕಳ್ಳ ವಿಂಡೋಸನ್ನು ಹತ್ತೇ ನಿಮಿಷದಲ್ಲಿ ಹಾಕಿಕೊಡುತ್ತಾನೆ. ಒಬ್ಬ ಪಾಲಕರು ಬಂದು ನಿಂತೇ ಕೇಳಿದರು: ಕೆಳಗೆ ಆ ನಾಲ್ಕು ಚೌಕದ ಚಿತ್ರ ಇಲ್ಲವಲ್ಲ, ಇದು ಖರೆ ಕಂಪ್ಯೂಟರ್ ಹೌದೋ ಅಲ್ಲವೋ? ಹೌದೆಂದೆ. ನಂಬಿದಂತೆ ತಲೆಯಾಡಿಸಿ ಮಗಳನ್ನು ಕರೆದುಕೊಂಡು ಹೋದರು. ಈಗ ನಾಲ್ಕು.

ನಾಲ್ವರಲ್ಲಿ ಶಬನಮ ಒಬ್ಬಳಿದ್ದರೆ ಸಾಕು. ಆಡೂರಿನಿಂದ ಎಂಟೂವರೆ ಬಸ್ಸಿಗೆ ಬರುತ್ತಾಳೆ. ಮೂವತ್ನಾಲ್ಕು ವಯಸ್ಸು, ಇಬ್ಬರು ಮಕ್ಕಳು, ಮನೆಯಲ್ಲಿ ಹೊಲಿಗೆ. ಶಿಗ್ಗಾಂವಿಯ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ಆಪರೇಟರ್ ನೌಕರಿಗೆ ಅರ್ಜಿ ಹಾಕಿದ್ದಾಳೆ. ವಯೋಮಿತಿ ಮೂವತ್ತೈದು. ಡಿಸೆಂಬರಿಗೆ ದಾಟುತ್ತಾಳೆ. ಇದು ಬಿಟ್ಟರೆ ಇಲ್ಲ.

ಇಲ್ಲಿಗೆ ಬರುವ ಮೊದಲು ಕಂಪ್ಯೂಟರ್ ಮುಟ್ಟಿದವಳಲ್ಲ. ಅವಳಿಗೆ ಲಿನಕ್ಸೇ ಕಂಪ್ಯೂಟರ್. ನೋಡಿ ಮಹನೀಯರೆ, ಹಳೆಯ ಚಟ ಇಲ್ಲದವರಿಗೆ ಎಷ್ಟು ಸಲೀಸು!

ನವೆಂಬರ್ 3

ಸುಭಾಸ ಚಹಾ ಹಿಡಿದುಕೊಂಡು ಬಂದ. ಒಂದು ಯಂತ್ರಕ್ಕಾದರೂ ವಿಂಡೋಸ್ ಹಾಕಿಕೊಡುತ್ತೇನೆ ಎಂದ. ಕಳವಿನ ಮಾಲು ಬೇಡವೆಂದೆ.

"ಸರ, ನಿಮ್ಮ ಸ್ವಾತಂತ್ರ್ಯಾ ಕೇಳಾಕ ಯಾರೂ ಬಸ್ ಹತ್ತಿ ಬರಂಗಿಲ್ರಿ. ನೌಕರಿ ಕೇಳಾಕ ಬರ್ತಾರ."

ಮೈ ಉರಿಯಿತು. ಚಹಾ ಚೆನ್ನಾಗಿತ್ತು, ಅದು ಇನ್ನೂ ಸಿಟ್ಟು.

ನವೆಂಬರ್ 10, ಸೋಮವಾರ

ಶಬನಮಳಿಗೆ ಕರೆಪತ್ರ ಬಂತು. ಪೂರಾ ಇಂಗ್ಲಿಷು. ಮೊಬೈಲ್ ನನ್ನ ಕೈಗೆ ಕೊಟ್ಟು, ಏನು ಬರೆದಿದ್ದಾರೆ ಹೇಳಿ ಎಂದಳು. ಇಪ್ಪತ್ತೆರಡಕ್ಕೆ, ಶನಿವಾರ, ಶಿಗ್ಗಾಂವಿಯಲ್ಲಿ, ಹತ್ತು ಗಂಟೆಗೆ ಪ್ರಾಯೋಗಿಕ ಪರೀಕ್ಷೆ. ಕನ್ನಡ ಟೈಪಿಂಗ್, ಒಂದು ಕೋಷ್ಟಕ, ಮೇಲ್ ಮರ್ಜ್ — ಒಂದು ಪತ್ರ ಬರೆದು ನಲವತ್ತು ವಿಳಾಸಕ್ಕೆ ಒಮ್ಮೆಲೇ ಸಿದ್ಧ ಮಾಡುವುದು. ಮೂರೂ ಅವಳಿಗೆ ಬರುತ್ತವೆ. ಮೇಲ್ ಮರ್ಜ್ ನಾಲ್ಕು ನಿಮಿಷ. ನನಗೇ ಆರು ಬೇಕು.

ಅವಳು ಗೆಲ್ಲಲಿ. ಓಣಿ ತುಂಬ ಹೇಳುತ್ತೇನೆ.

ನವೆಂಬರ್ 14

ಊಟಕ್ಕೆ ಕೂತಾಗ ಹೆಂಡತಿ ಜಯಾಗೆ ಶಬನಮಳ ವೇಗದ ಬಗ್ಗೆ ಹೇಳಿದೆ. ಪ್ರಾಸ ಹಾಕಿಯೇ ಹೇಳಿದೆ. ರೊಟ್ಟಿ ಬಡಿಯುತ್ತಲೇ ಕೇಳಿದಳು: ಅಲ್ಲಿ ಇಂಥದ್ದೇ ಕಂಪ್ಯೂಟರ್ ಇರುತ್ತದೇನು? ಕೆಲಸ ಬಂದವರಿಗೆ ಯಾವುದಾದರೇನು ಎಂದೆ.

"ಯಾವುದಾದರೇನು ಅಂತ ನೀವಂತೀರಿ. ನಿಮಗ ಪರೀಕ್ಷಾ ಇಲ್ಲ. ಆಕಿದು ನೌಕರಿ ಐತಿ ಅದು, ನಿಮ್ಮ ಹಟ ಅಲ್ಲ."

ನೀರು ಕುಡಿದೆ. ಮಾತು ಬದಲಿಸಿದೆ.

ನವೆಂಬರ್ 22, ಶನಿವಾರ. 11.40

ಈಗ ಟೈಪಿಂಗ್ ಮುಗಿದಿರಬೇಕು. ಕೋಷ್ಟಕವೂ.

12.15 — ಈಗ ಮುಗಿಯಿತು.

3.00 — ಫೋನ್ ಇಲ್ಲ. ನಾನೂ ಮಾಡಲಿಲ್ಲ.

ನವೆಂಬರ್ 24

ಎಂಟೂವರೆ ಬಸ್ಸಿಗೇ ಬಂದಳು. ಕ್ಲಾಸಿದ್ದಂತೆ. ತನ್ನ ಜಾಗದಲ್ಲಿ ಕೂತು, ಕಂಪ್ಯೂಟರ್ ಹಚ್ಚದೆ ಹೇಳಿದಳು. ಅಲ್ಲಿದ್ದದ್ದು ವಿಂಡೋಸ್, ಎಂ.ಎಸ್. ವರ್ಡ್. ಟೈಪಿಂಗಿನಲ್ಲಿ ಎಲ್ಲರಿಗಿಂತ ಮೊದಲು ಮುಗಿಸಿದಳಂತೆ. ಕೋಷ್ಟಕವನ್ನು ಹೇಗೋ ಹುಡುಕಿ ಹಾಕಿದಳು. ಮೇಲ್ ಮರ್ಜ್ ಸಿಗಲಿಲ್ಲ. ಇಲ್ಲಿ ಪಟ್ಟಿ ಕೆಳಗೆ ಇಳಿಯುತ್ತದೆ, ಅಲ್ಲಿ ಚಿತ್ರಗಳ ಸಾಲು ಅಡ್ಡ ಹರಡಿರುತ್ತದೆ. ಇಪ್ಪತ್ತು ನಿಮಿಷ ಚಿತ್ರಗಳ ಮೇಲೆ ಬಾಣ ಓಡಾಡಿಸಿದಳು. ಮೇಲ್ವಿಚಾರಕರನ್ನು ಕೇಳಬಹುದಿತ್ತೇನೋ, ನಾಚಿಕೆ ಆಯಿತಂತೆ.

"ಕೈಗೆ ಗೊತ್ತಿತ್ರಿ ಸರ. ಕಣ್ಣಿಗೆ ಸಿಗಲಿಲ್ಲ."

ನಾನು ಮೌಸಿನ ವಾಯರು ಸುತ್ತುತ್ತ ಕೂತೆ. ಅವಳೇ ಸಮಾಧಾನ ಹೇಳಿದಳು.

"ನೀವ್ಯಾಕ ಮಾರಿ ಸಣ್ಣ ಮಾಡ್ತೀರಿ? ನಿಮಗರ ಹ್ಯಾಂಗ ಗೊತ್ತಿರತಿತ್ತು, ಅಲ್ಲಿ ಏನ್ ಇಟ್ಟಾರ ಅಂತ."

ಆಮೇಲೆ ಎದ್ದು, ಅಂಗಿಗಳು ಹೊಲಿಯುವುದು ಬಾಕಿ ಇದೆ, ಹನ್ನೊಂದರ ಬಸ್ಸಿಗೆ ಹೋಗುತ್ತೇನೆ ಎಂದಳು.

ಡಿಸೆಂಬರ್ 2, ಮಂಗಳವಾರ

ಪಟ್ಟಿ ಬಂತು. ಅವಳ ಹೆಸರಿಲ್ಲ. ಆಯ್ಕೆಯಾದವರಿಗಿಂತ ಮೂರು ಅಂಕ ಕಡಿಮೆ. ಮೇಲ್ ಮರ್ಜ್‌ಗೆ ಹತ್ತು ಅಂಕ ಇದ್ದವು.

ಸುಭಾಸ ಬಂದ. ಇವತ್ತು ಚೇಷ್ಟೆ ಇಲ್ಲ. ಬಾಗಿಲಲ್ಲೇ ನಿಂತು ಕೇಳಿದ. "ಯಾವುದರ ಮ್ಯಾಲೆ ಪರೀಕ್ಷಾ ಅಂತ ಕರೆಪತ್ರದಾಗ ಬರದಿರ್ತಾರಲ್ರಿ ಸರ? ಬರದಿದ್ದಿಲ್ಲೇನು?"

ಬರೆದಿರಲಿಲ್ಲ ಎಂದೆ.

"ಹಂಗಾರ ಅವರದ ತಪ್ಪ ಬಿಡ್ರಿ," ಎಂದು ಹೋದ.

ಪ್ರಾಸ ಬರುತ್ತಿಲ್ಲ. ಭಾಷಣವೂ ಇಲ್ಲ. ಎದುರಿಗೆ ಯಾರೂ ಕೂತಿಲ್ಲ.

ಬರೆದಿತ್ತು. ಎರಡನೆಯ ಪುಟ, ನಾಲ್ಕನೆಯ ಸಾಲು. ವಿಂಡೋಸ್, ಎಂ.ಎಸ್. ವರ್ಡ್ — ಹೆಸರು ಸಮೇತ. ಅವಳ ಎದುರಿಗೇ ಓದಿದೆ. ದಿನಾಂಕ ಹೇಳಿದೆ, ಗಂಟೆ ಹೇಳಿದೆ, ಆ ಸಾಲು ಬಂದಾಗ ಬೆರಳಿನಿಂದ ಪರದೆ ಮೇಲೆ ಸರಿಸಿದೆ. ಹನ್ನೆರಡು ದಿನ ಇದ್ದವು. ರಸ್ತೆ ದಾಟಿ ಕಳಿಸಿದ್ದರೆ ಸುಭಾಸ ಎರಡು ದಿನದಲ್ಲಿ ತೋರಿಸಿಕೊಡುತ್ತಿದ್ದ. ಅವನ ಹತ್ತಿರ ಕಳಿಸಬೇಕಲ್ಲ ಎಂದು ನಾನು ಆ ಸಾಲನ್ನು ಅವಳಿಗೆ ಹೇಳಲಿಲ್ಲ.