ತಾವು ಕುಡಿದ ಆ ಒಂದು ಬಟ್ಟಲು ಕಾಫಿಯ ಬಗ್ಗೆ

ಮಾನ್ಯ ಪ್ರಾಂತ್ಯಾಧಿಕಾರಿಗಳೇ,

ಕಳೆದ ತಿಂಗಳು ಮುಫ್ಲಿಹನ ಮನೆಯ ಮುಂದೆ ಹಾಕಿದ್ದ ಡೇರೆಯಲ್ಲಿ ತಾವು ಒಂದು ಬಟ್ಟಲು ಕಾಫಿ ಕುಡಿದಿರಿ. ನನ್ನ ದೂರು ಆ ಕಾಫಿಯ ಬಗ್ಗೆ. ನ್ಯಾಯವಾಗಿ ಅದು ತಮ್ಮ ಗಂಟಲಿನಲ್ಲಿ ಇಳಿಯಬಾರದಿತ್ತು. ಇಳಿಸಿದವನು ನಾನು. ಹಾಗಾಗಿ ಈ ಪತ್ರ ಅರ್ಧ ತಮ್ಮ ಮೇಲಿನ ದೂರು, ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ನನ್ನ ಮೇಲಿನ ದೂರು. ಎರಡನ್ನೂ ವಿಚಾರಿಸುವ ಅಧಿಕಾರ ಸದ್ಯಕ್ಕೆ ತಮ್ಮ ಕಚೇರಿಗೇ ಇರುವುದರಿಂದ ತಮ್ಮ ವಿಳಾಸಕ್ಕೇ ಬರೆಯುತ್ತಿದ್ದೇನೆ.

ತಾವು ನನ್ನನ್ನು ಬಲ್ಲಿರಿ. ಶಾಲೆಯಿಂದ ನಿವೃತ್ತನಾದ ಮೇಲೆ ಈ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಹರಟೆ ಬರೆಯುವವನು. ಟೊಮೇಟೊ ಬೆಲೆ, ರಂಜಾನ್ ತಿಂಗಳಿಡೀ ಅತ್ತು ಹಬ್ಬದ ಹಿಂದಿನ ದಿನ ಮಾತ್ರ ನಗುವ ಧಾರಾವಾಹಿಯ ನಾಯಕಿ, ಎಷ್ಟು ಮಂತ್ರಿಮಂಡಲ ಬದಲಾದರೂ ತಾನು ಮಾತ್ರ ಬದಲಾಗದ ಅಂಚೆ ಕಚೇರಿ ಮುಂದಿನ ಗುಂಡಿ, ನನ್ನ ಹೆಂಡತಿ ಇಂತಿಸಾರಳ ಬೆಕ್ಕು, ಇವು ನನ್ನ ವಿಷಯಗಳು. ಯಾರಿಗೂ ನೋವಾಗದಂತೆ ಬರೆಯುತ್ತೇನೆಂದು ನನಗೆ ಹೆಸರಿದೆ. ಒಂದು ಮದುವೆಯಲ್ಲಿ ತಾವೇ ನನ್ನ ಭುಜ ತಟ್ಟಿ, "ಬೆಕ್ಕಿನ ಲೇಖನ ಓದಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ ಕಣ್ರೀ" ಎಂದಿದ್ದಿರಿ. ಆ ಮಾತನ್ನು ವಾರಗಟ್ಟಲೆ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಯಾರಿಗೂ ನೋವಾಗದ ಬರಹ ಯಾರಿಗೆ ಅನುಕೂಲ ಎಂದು ಆಗ ನಾನು ಕೇಳಿಕೊಳ್ಳಲಿಲ್ಲ.

ನನ್ನ ಇನ್ನೊಂದು ಕಸುಬು ಜಾಹಾಗಳಲ್ಲಿ ಮಾತನಾಡುವುದು. ಹೆಣ್ಣು ಕೇಳುವುದಿರಲಿ, ಜಗಳ ತೀರಿಸುವುದಿರಲಿ, ಊರ ಹಿರಿಯರು ಒಟ್ಟಾಗಿ ಒಬ್ಬನ ಮನೆಗೆ ಹೋಗಿ ಕೇಳುವ ಪದ್ಧತಿ ನಮ್ಮದು. ಮನೆಯವನು ಹಿರಿಯನ ಮುಂದೆ ಕಾಫಿ ಇಡುತ್ತಾನೆ. ಹಿರಿಯ ಅದನ್ನು ಮುಟ್ಟುವುದಿಲ್ಲ. ಬಂದ ಕೆಲಸ ಹೇಳಬೇಕು, ಮನೆಯವನು "ಕಾಫಿ ಕುಡೀರಿ, ಬಂದದ್ದು ನಿಮಗೆ ಸಿಕ್ತು" ಎನ್ನಬೇಕು, ಆಮೇಲೆ ಬಟ್ಟಲು ಎತ್ತಬೇಕು. ಕೇಳದೆ ಕುಡಿದ ಕಾಫಿಗೆ ಬೆಲೆಯಿಲ್ಲ, ಕುಡಿಯದೆ ಆರಿಹೋದ ಕಾಫಿ ಆ ಮನೆಗೆ ಅವಮಾನ. ನನ್ನ ಅಜ್ಜನ ಕಾಲದಲ್ಲಿ ಇದು ಬಲವಿಲ್ಲದವನ ಆಯುಧವಾಗಿತ್ತು. ದೊಡ್ಡವನ ಮನೆಗೆ ಹೋಗಿ, ಕಾಫಿ ಮುಂದಿಟ್ಟುಕೊಂಡು, ಸುಮ್ಮನೆ ಕೂತರೆ ದೊಡ್ಡವನ ಬೆವರಿಳಿಯುತ್ತಿತ್ತು. ಈಗ ಬೆವರಿಳಿಯುವುದು ಯಾರದ್ದು? ಈಗಿನ ಜಾಹಾದಲ್ಲಿ ಮಾಜಿ ಮಂತ್ರಿ ಇರಬೇಕು, ಕಾರುಗಳ ಸಾಲು ಇರಬೇಕು, ಡ್ರೋನ್ ಹಾರಿಸಿ ಚಿತ್ರ ತೆಗೆಯುವವನಿರಬೇಕು. ಧಾರಾವಾಹಿಗಿಂತ ಚೆನ್ನಾಗಿರುತ್ತದೆ ಎಂದು ಜನ ಮೊಬೈಲಿನಲ್ಲಿ ನೋಡುತ್ತಾರೆ. ಆ ಆಟದಲ್ಲಿ ನಾನೊಬ್ಬ ಬೇಡಿಕೆಯ ನಟ.

ಘಟನೆ ತಮಗೆ ಗೊತ್ತಿರುವುದೇ, ಆದರೆ ಡೇರೆಯಲ್ಲಿ ಅದನ್ನು ಯಾರೂ ನೇರವಾಗಿ ಹೇಳಲಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇನೆ. ನಮ್ಮೂರು ಬೆಟ್ಟದ ಮೈಗೆ ಅಂಟಿಕೊಂಡ ಊರು, ರಸ್ತೆಗಳು ಏಣಿಯ ಹಾಗೆ. ವಾರಕ್ಕೊಮ್ಮೆ ಬರುವ ನಲ್ಲಿ ನೀರು ಸಾಲದೆ ಎಲ್ಲರೂ ನೀರಿನ ಲಾರಿ ಕರೆಸುತ್ತೇವೆ. ಅಂಥದ್ದೊಂದು ತುಂಬಿದ ಲಾರಿ ಹೆಣ್ಣುಮಕ್ಕಳ ಶಾಲೆಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಜಾರಿ, ಸೋಫಾ ಹೊಲಿಯುವ ಮುಫ್ಲಿಹನ ಮಗಳನ್ನು ಗೋಡೆಗೆ ಒತ್ತಿತು. ಜೀವ ಉಳಿಯಿತು, ಎಡಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ. ಚಾಲಕ ಹಾಬಿಸ್ ಬ್ರೇಕು ಕೆಟ್ಟಿದೆಯೆಂದು ಮಾಲೀಕನಿಗೆ ಎರಡು ಸಲ ಹೇಳಿದ್ದ. "ಓಡ್ಸೋಕಾಗಲ್ವಾ? ಕೀಲಿಕೈ ಇಟ್ಟು ಹೋಗು, ಓಡ್ಸೋರು ಬೇಕಾದಷ್ಟು ಜನ ಇದಾರೆ" ಎಂದಿದ್ದನಂತೆ ಮಾಲೀಕ. ಆ ಮಾಲೀಕ ತಮ್ಮ ಷಡ್ಡಕ ಎಂದು ಊರು ಹೇಳುತ್ತದೆ. ಊರು ಏನು ಬೇಕಾದರೂ ಹೇಳುತ್ತದೆ, ಬಿಡಿ. ಹಾಬಿಸ್ ಪರವಾಗಿ ಮುಫ್ಲಿಹನ ಕ್ಷಮೆ ಕೇಳಲು ಹೊರಟ ಜಾಹಾದ ಹಿರಿತನವನ್ನು ತಾವೇ ವಹಿಸಿಕೊಂಡದ್ದು ಮಾತ್ರ ನಾವೆಲ್ಲ ಕಣ್ಣಾರೆ ಕಂಡ ವಿಷಯ.

ಜಾಹಾದ ಹಿಂದಿನ ದಿನ ಮುಫ್ಲಿಹ್ ನನ್ನ ಮನೆಗೆ ಬಂದ. ಷರತ್ತುಗಳೇನಾದರೂ ಇದ್ದರೆ ಮೊದಲೇ ಮಾತನಾಡಿಕೊಂಡು ಭಾಷಣಕಾರನ ಬಾಯಲ್ಲೇ ಹೇಳಿಸುವುದು ವಾಡಿಕೆ. ಒಳಗೆ ಬಾ ಎಂದರೂ ಅವನು ಹೊಸ್ತಿಲಲ್ಲೇ ನಿಂತ.

"ಉಸ್ತಾದರೇ, ನಂಗೆ ಹಾಬಿಸ್ ಮೇಲೆ ಸಿಟ್ಟಿಲ್ಲ. ಅವ್ನೂ ಮಕ್ಕಳೊಂದಿಗ. ಪರಿಹಾರಾನೂ ಬೇಡ, ಮಗಳ ಕಾಲು ಮಾರ್ಕೊಂಡ ಅನ್ನಿಸ್ಕೊಳ್ಳೋಕೆ ನಂಗಿಷ್ಟ ಇಲ್ಲ. ಆದ್ರೆ ಆ ಲಾರಿ ಮತ್ತೆ ಆ ಇಳಿಜಾರಲ್ಲಿ ಬರಬಾರ್ದು. ಅವರ ಲಾರಿಗಳ ಬ್ರೇಕೆಲ್ಲ ತಪಾಸಣೆ ಆಗ್ಬೇಕು. ಅದಿಷ್ಟು ಒಪ್ಪಿದ್ರೆ ಕಾಫಿ ಕುಡೀಲಿ."

"ನೀನೇ ಹೇಳಪ್ಪ. ನಿನ್ನ ಮನೆ, ನಿನ್ನ ಹಕ್ಕು."

"ಅಷ್ಟು ದೊಡ್ಡೋರ ಮುಂದೆ ನನ್ನ ನಾಲಿಗೆ ಹೊರಳಲ್ಲ. ನೀವು ಹೇಳಿ, ನಾನು 'ಹೌದು, ಅದೇ' ಅಂತೀನಿ. ಅಷ್ಟಕ್ಕೆ ನಂಗೆ ಧೈರ್ಯ ಇದೆ."

ನಮ್ಮ ಕಡೆಯ ರೂಢಿಯಂತೆ ನನ್ನ ಮೂಗಿನ ತುದಿ ಮುಟ್ಟಿ ಮಾತು ಕೊಟ್ಟೆ. ಮೂಗೆಂದರೆ ಮಾನ. ಅವನು ನನ್ನ ತಲೆಗೆ ಮುತ್ತಿಟ್ಟು ಹೋದ.

ಮರುದಿನ ಡೇರೆ ತುಂಬಿ ತುಳುಕುತ್ತಿತ್ತು. ತಾವು ನಡುವಿನ ಕುರ್ಚಿಯಲ್ಲಿ, ಎದುರಿಗೆ ಕಾಫಿ. ನಾನು ಎದ್ದೆ. ಪ್ರವಾದಿ ಇಬ್ರಾಹೀಮರ ಅತಿಥಿಸತ್ಕಾರದಿಂದ ಆರಂಭಿಸಿದೆ. ಜನ ತಲೆದೂಗಿದರು. ನಮ್ಮೂರಿನ ಔದಾರ್ಯಕ್ಕೆ ಬಂದೆ, ಯಾರೋ "ಆಹಾ" ಎಂದರು. ಆ "ಆಹಾ" ಇದೆಯಲ್ಲ, ನನ್ನಂಥವನಿಗೆ ಅದು ಹೆಂಡ. ಇನ್ನು ಬ್ರೇಕಿನ ಮಾತು ಎತ್ತಬೇಕು ಎನ್ನುವಾಗ ತಮ್ಮ ಕಡೆ ನೋಡಿದೆ. ತಾವು ಬಟ್ಟಲನ್ನು ನೋಡಿದಿರಿ, ಕೈಗಡಿಯಾರ ನೋಡಿದಿರಿ, ಆಮೇಲೆ ನನ್ನನ್ನು ನೋಡಿ ಒಂದು ಹುಬ್ಬನ್ನು ಸ್ವಲ್ಪವೇ ಸ್ವಲ್ಪ ಮೇಲೆತ್ತಿದಿರಿ. ಮರೆತೆ ಎಂದು ಬರೆದರೆ ಈ ಪತ್ರವೂ ಸುಳ್ಳಾಗುತ್ತದೆ. ನಾನು ಮರೆಯಲಿಲ್ಲ, ಹೆದರಿದೆ. ಹೆದರಿ ಸುಮ್ಮನಾಗಿದ್ದರೂ ಒಂದು ಪಕ್ಷ ಕ್ಷಮೆಯಿತ್ತು. ಆದರೆ ನಾನು, "ಷರತ್ತು ಹಾಕುವುದು ಅಂಗಡಿಯವನ ಲಕ್ಷಣ, ಕೇಳುವ ಮುನ್ನವೇ ಕೊಡುವುದು ಈ ಮನೆಯ ಲಕ್ಷಣ!" ಎಂದು ಕೂಗಿ ಕೈ ಚಾಚಿದೆ. ಡೇರೆ ಹುಚ್ಚೆದ್ದು ಚಪ್ಪಾಳೆ ತಟ್ಟಿತು.

ಮುಫ್ಲಿಹನನ್ನು ಅಟ್ಟಕ್ಕೇರಿಸಿ ಏಣಿ ತೆಗೆದುಬಿಟ್ಟಿದ್ದೆ. ಅವನು ಎದ್ದು ನಿಂತ. ನನ್ನನ್ನೇ ನೋಡುತ್ತಿದ್ದ, ಇನ್ನೂ ಏನೋ ಹೇಳುವುದು ಬಾಕಿಯಿದೆ, ಹೇಳುತ್ತಾನೆ ಎಂಬಂತೆ. ನಾನು ನೀರು ಕುಡಿಯುವ ನೆವದಲ್ಲಿ ಮುಖ ತಿರುಗಿಸಿದೆ. ಕೊನೆಗೆ ಅವನು ಒಣಗಿದ ದನಿಯಲ್ಲಿ, "ಕಾಫಿ ಕುಡೀರಿ... ಎಲ್ಲಾ ಬಿಟ್ಟಿದೀನಿ" ಎಂದ. ತಾವು ಒಂದೇ ಗುಟುಕಿಗೆ ಕುಡಿದಿರಿ. ಹಿಂದಿನ ಸಾಲಿನಲ್ಲಿ ಕೂತಿದ್ದ ಹಾಬಿಸ್ ಮುಖ ಮುಚ್ಚಿಕೊಂಡು ಅತ್ತ. ಅವನೊಬ್ಬನಿಗೆ ನಿಜವಾಗಿ ಕ್ಷಮೆ ಬೇಕಿತ್ತು, ಅವನಿಗೆ ಅದು ಸಿಕ್ಕಿತು, ಆ ಬಗ್ಗೆ ನನಗೂ ಮುಫ್ಲಿಹನಿಗೂ ತಕರಾರಿಲ್ಲ. ಆದರೆ ಅವನಿಗೆ ಸಿಕ್ಕ ಕ್ಷಮೆಯ ನೆರಳಿನಲ್ಲಿ ಲಾರಿಯೂ, ಲಾರಿಯ ಮಾಲೀಕನೂ ತಣ್ಣಗೆ ಹೋಗಿ ಕೂತರಲ್ಲ? ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಿಜ, ನನಗೆ ಯಾರ ಜೊತೆಗೂ ಜಗಳವಾಗಲಿಲ್ಲ.

ಭಾಷಣದ ವಿಡಿಯೊ ರಾಜಧಾನಿ ಅಮ್ಮಾನಿನವರೆಗೂ ಓಡಿತು. ಕುನಾಫೆ ಅಂಗಡಿಯವನು ತಟ್ಟೆ ತುಂಬ ಸಿಹಿ ಕೊಟ್ಟು ದುಡ್ಡು ಬೇಡವೆಂದ. ಅದನ್ನು ಮನೆಗೆ ತಂದೆ. ಇಂತಿಸಾರ್ ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತುತ್ತಾ ವಿಡಿಯೊ ನೋಡುತ್ತಿದ್ದಳು.

"ಚೆನ್ನಾಗಿದೆ. ಮುಫ್ಲಿಹ್ ಏನೋ ಹೇಳಿ ಅಂದಿದ್ನಲ್ಲ, ಅದು ಇನ್ನೂ ಮುಂದೆ ಬರುತ್ತಾ?"

"ಸಂದರ್ಭ ಒದಗಲಿಲ್ಲ ಕಣೇ."

"ಹೌದಾ? ಇಬ್ರಾಹೀಮರಿಂದ ಹಿಡಿದು ನಮ್ಮೂರ ಒಣದ್ರಾಕ್ಷಿವರೆಗೆ ಎಲ್ಲಕ್ಕೂ ಸಂದರ್ಭ ಒದಗ್ತು, ಪಾಪ, ಬ್ರೇಕಿಗೆ ಮಾತ್ರ ಒದಗ್ಲಿಲ್ಲ." ಆಮೇಲೆ ಕುನಾಫೆ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. "ನೀವೇ ತಿನ್ನಿ. ನಂಗೆ ಇದು ಇಳಿಯಲ್ಲ."

ನನಗೂ ಇಳಿಯಲಿಲ್ಲ. ಬೆಕ್ಕು ತಿಂದಿತು. ಹಿಂದಿನ ದಿನಗಳಾಗಿದ್ದರೆ ಅದೇ ಒಂದು ಲೇಖನವಾಗುತ್ತಿತ್ತು.

ಕಳೆದ ವಾರ ಅದೇ ಲಾರಿ ಅದೇ ಇಳಿಜಾರಿನಲ್ಲಿ ಇಳಿಯುವುದನ್ನು ಕಂಡೆ. ಹಸಿರಿದ್ದದ್ದು ನೀಲಿಯಾಗಿದೆ, ಬಾಗಿಲ ಮೇಲಿನ ತಗ್ಗು ಹಾಗೇ ಇದೆ. ಹಾಬಿಸನ ಜಾಗದಲ್ಲಿ ಹೊಸ ಚಾಲಕ, ಬ್ರೇಕಿನ ಜಾಗದಲ್ಲಿ ಹಳೆಯ ಬ್ರೇಕೇ. ಚಕ್ರಗಳು ಕೀರಲು ದನಿಯಲ್ಲಿ ಅರಚುತ್ತಿದ್ದವು. ಶಾಲೆ ಬಿಡುವ ಹೊತ್ತು. ಮಕ್ಕಳು ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತು ಅದಕ್ಕೆ ದಾರಿಬಿಟ್ಟರು. ಯಾರೂ ಹೇಳಿಕೊಟ್ಟದ್ದಲ್ಲ, ತಾವೇ ಕಲಿತುಕೊಂಡಿದ್ದಾರೆ. ನಾನು ನೇರವಾಗಿ ಮುಫ್ಲಿಹನ ಮನೆಗೆ ಹೋದೆ.

ಮುಫ್ಲಿಹ್ ಅಂಗಡಿಯಲ್ಲಿದ್ದ. ಬಾಗಿಲು ತೆರೆದವಳು ಅವನ ಹೆಂಡತಿ.

"ಬನ್ನಿ ಉಸ್ತಾದರೇ. ಮೂಗು ಕ್ಷೇಮವಾ?" ಎಂದಳು.

ಅವಳ ಹಿಂದೆ ಊರುಗೋಲು ಹಿಡಿದು ಹುಡುಗಿ ನಿಂತಿದ್ದಳು. ನನ್ನ ಭಾಷಣ ಅವಳಿಗೆ ಪೂರಾ ಬಾಯಿಪಾಠ. ಬಂದವರೆಲ್ಲ ಅವಳ ಮುಂದೆಯೇ ಮೊಬೈಲಿನಲ್ಲಿ ಹಾಕಿ ಹಾಕಿ ಕೇಳಿದ್ದಾರಂತೆ. ನನ್ನ ಹಾಗೇ ಕೈ ಚಾಚಿ, ನನ್ನ ಹಾಗೇ ಗಂಟಲು ಸರಿಮಾಡಿಕೊಂಡು ಒಂದೆರಡು ಸಾಲು ಹೇಳಿ ತೋರಿಸಿದಳು. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಆಮೇಲೆ ಕೇಳಿದಳು:

"ಅಷ್ಟುದ್ದ ಮಾತಾಡಿದೀರಲ್ಲ, ನನ್ನ ಹೆಸರು ಯಾಕೆ ಒಂದ್ಸಲಾನೂ ಹೇಳ್ಲಿಲ್ಲ?"

"ಹೆಣ್ಣುಮಕ್ಕಳ ಹೆಸರು ಗಂಡಸರ ಸಭೇಲಿ ಹೇಳಬಾರ್ದು ಮಗಳೇ. ಅದು ಮರ್ಯಾದೆ. 'ಈ ಮನೆಯ ಕಣ್ಮಣಿ' ಅಂದಿದ್ನಲ್ಲ."

"ಗೋಡೆಗೆ ಒತ್ತಿದ್ದು ಕಣ್ಮಣೀನ ಅಲ್ಲ, ನನ್ನ."

"ಹಾಗಾದರೆ ಪತ್ರಿಕೇಲಿ ಬರೀತೀನಿ, ಹೆಸರು ಹಾಕಲಾ?" ಎಂದು ತಾಯಿಯ ಮುಖ ನೋಡಿದೆ. "ಹಾಕಿ. ದಪ್ಪ ಅಕ್ಷರದಲ್ಲೇ ಹಾಕಿ," ಎಂದಳು ಆಕೆ. "ಬಚ್ಚಿಟ್ಟು ಆದ ಮರ್ಯಾದೆ ನೋಡಿದ್ದಾಯ್ತಲ್ಲ." ಸಂಜೆ ಮುಫ್ಲಿಹನನ್ನೂ ಅಂಗಡಿಯಲ್ಲಿ ಕಂಡು ಕೇಳಿದೆ. ಹೊಲಿಗೆಯಿಂದ ತಲೆ ಎತ್ತದೆ, "ಈ ಸಲ ಬರೆದು ಕೊಡಿ ಉಸ್ತಾದರೇ. ಬಾಯಿಮಾತು ಬೇಡ," ಎಂದ. ಬೈದಿದ್ದರೆ ಚೆನ್ನಾಗಿತ್ತು.

ಅವಳ ಹೆಸರು ರಹಫ್. ಹನ್ನೊಂದು ವರ್ಷ.

ಮಾನ್ಯರೇ, ತಮ್ಮ ಉತ್ತರ ನನಗೆ ಗೊತ್ತು. ಸಂತ್ರಸ್ತರ ಕಡೆಯವರು ಹಕ್ಕು ಬಿಟ್ಟಿದ್ದಾರೆ, ಕಡತ ಮುಚ್ಚಿದೆ, ಮುಚ್ಚಿದ ಕಡತ ತೆರೆಯಲು ಹೊಸ ದೂರು ಬೇಕು. ಸರಿ. ಆದರೆ ತಂದೆ ಕ್ಷಮಿಸಿದ್ದು ಒಬ್ಬ ಚಾಲಕನನ್ನು. ಬ್ರೇಕನ್ನು ಕ್ಷಮಿಸುವ ಅಧಿಕಾರ ಅವನಿಗೆ ಎಲ್ಲಿಂದ ಬರಬೇಕು? ತಮಗಾದರೂ ಎಲ್ಲಿಂದ ಬಂತು? ವಾಹನ ತಪಾಸಣೆಯ ಅಧಿಕಾರಿಯನ್ನು ಕಳಿಸಬೇಕಾದ ಕೈ ಕಾಫಿ ಬಟ್ಟಲು ಹಿಡಿದು ಕೂತರೆ, ತಪಾಸಣೆ ಮಾಡುವವರು ಯಾರು? ಶಾಲೆಯ ಗೋಡೆಯೇ? ತಾವು ಅಂದು ಡೇರೆಗೆ ಬಂದದ್ದು ಹಿರಿಯರಾಗಿಯೋ, ಅಧಿಕಾರಿಯಾಗಿಯೋ, ಷಡ್ಡಕರಾಗಿಯೋ? ಒಂದೇ ಕುರ್ಚಿಯಲ್ಲಿ ಮೂವರು ಕೂತರೆ ಇಕ್ಕಟ್ಟಾಗುವುದು ಎದುರಿಗೆ ನಿಂತವನಿಗೆ. ಇದನ್ನೆಲ್ಲ ಅಂದೇ ಕೇಳಬೇಕಿತ್ತು, ಕೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಬಿಟ್ಟ ಮಾತು ಹೋಗುವುದಿಲ್ಲ, ಗಂಟಲಲ್ಲೇ ಕೂತಿರುತ್ತದೆ. ಊಟ ಮಾಡುವಾಗೆಲ್ಲ ಅದು ನನಗೆ ಸಿಗುತ್ತಿದೆ.

ಆದ್ದರಿಂದ ನನ್ನ ಬೇಡಿಕೆ, ಮುಫ್ಲಿಹ್ ಹೊಸ್ತಿಲಲ್ಲಿ ನಿಂತು ಹೇಳಿದ ಮಾತುಗಳಲ್ಲೇ: ಆ ಲಾರಿ ಮತ್ತೆ ಆ ಇಳಿಜಾರಿನಲ್ಲಿ ಬರಬಾರದು. ಅವರ ಲಾರಿಗಳ ಬ್ರೇಕೆಲ್ಲ ತಪಾಸಣೆ ಆಗಬೇಕು. ಇದರಲ್ಲಿ ಒಂದು ಅಕ್ಷರವೂ ನನ್ನದಲ್ಲ. ನನ್ನ ಅಲಂಕಾರಗಳನ್ನು ಸೇರಿಸುವ ಧೈರ್ಯ ನನಗಿಲ್ಲ.

ಪ್ರತಿ ಭಾನುವಾರ ಬೆಳಗ್ಗೆ ತಾವು ಸಾರ್ವಜನಿಕರನ್ನು ಭೇಟಿಯಾಗುತ್ತೀರೆಂದೂ, ಬಂದವರಿಗೆಲ್ಲ ಕಾಫಿ ಕೊಡಿಸುತ್ತೀರೆಂದೂ ತಮ್ಮ ಕಚೇರಿಯ ಪ್ರಕಟಣೆ ಹೇಳುತ್ತದೆ. ಬರುವ ಭಾನುವಾರ ಒಂದು ಜಾಹಾ ತಮ್ಮ ಬಾಗಿಲಿಗೆ ಬರುತ್ತಿದೆ. ಕಾರುಗಳ ಸಾಲಿಲ್ಲ, ಮಾಜಿ ಮಂತ್ರಿಗಳಿಲ್ಲ. ಮುಫ್ಲಿಹ್ ಇರುತ್ತಾನೆ, ನಾನಿರುತ್ತೇನೆ, ನಾನು ಮಾತನಾಡುವುದಿಲ್ಲ. ಜಾಹಾದ ಹಿರಿತನ ರಹಫಳದ್ದು. ಪದ್ಧತಿಯಂತೆ ತಾವು ಅವಳ ಮುಂದೆ ಕಾಫಿ ಇಡಿಸಬೇಕು, ಅವಳು ಬಂದ ಕೆಲಸ ಹೇಳುತ್ತಾಳೆ. ತಾವು "ಕುಡಿ ಮಗಳೇ, ಬಂದದ್ದು ಸಿಕ್ತು" ಎನ್ನುವವರೆಗೂ ಅವಳು ಬಟ್ಟಲು ಮುಟ್ಟುವುದಿಲ್ಲ. ಅವಸರವೇನೂ ಇಲ್ಲ. ಅವಳಿಗೆ ಕಾಫಿ ಎಂದರೆ ಅಷ್ಟಕ್ಕಷ್ಟೇ, ಎಷ್ಟು ಹೊತ್ತು ಬೇಕಾದರೂ ನೋಡುತ್ತಾ ಕೂರಬಲ್ಲಳು. ಆರಿಹೋದರೆ ಅದು ತಮ್ಮ ಮನೆಯ ಕಾಫಿ.

ಇಂತಿ,
ಮೂಗು ಮುಟ್ಟಿ ಮಾತು ಕೊಟ್ಟು, ಬಾಯಿದ್ದೂ ಮೂಗನಾದ
ಅಬೂ ಯನಾಲ್,
ಕೊನೆಯ ಪುಟದ ಹರಟೆಗಾರ