ಹಗ್ಗದ ಮೇಲಿನ ತುದಿ

ಗ್ರೆಸಿಕ್
ಆಗಸ್ಟ್ ೧೧

ನನ್ನ ಮುದ್ದು ಕಿನಾಸಿಹ್,

ಮಕಾಸರ್‌ನಲ್ಲಿ ನೀನೂ ಮಗುವೂ ಸುಖವಾಗಿದ್ದೀರಿ ತಾನೇ? ಅಪ್ಪ ಗುಜರಿ ಎತ್ತಲು ನೀರಿಗಿಳಿಯುವುದನ್ನು ಬಿಟ್ಟರೇ ಎಂದು ಪ್ರತಿ ಸಲ ಕೇಳುತ್ತೀಯ. ಇನ್ನೊಮ್ಮೆ ಇಳಿದರೆ ಕಾಲು ಬಿದ್ದುಹೋಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೂ ಈ ಮಹರಾಯರು ಕೇಳಬೇಕಲ್ಲ! ಅದಕ್ಕೇ ನಮ್ಮ ವರ್ಕ್‌ಶಾಪಿನಲ್ಲಿ ನಾನೇ ನಿಂತು ಒಂದು ಕಬ್ಬಿಣದ ಪಂಜ ಮಾಡಿಸಿದೆ. ಬಂದರಿನಲ್ಲಿ ಮುಳುಗಿರುವ ಸರಕು ದೋಣಿಯ ಬಾಯಿಗೆ ಅಳತೆ ಹಿಡಿದು ಮಾಡಿದ್ದು. ಕ್ರೇನಿನಿಂದ ಇಳಿಬಿಟ್ಟರೆ ಒಳಗಿನ ಗುಜರಿಯನ್ನೆಲ್ಲ ತಾನೇ ಕಚ್ಚಿ ತರುತ್ತದೆ, ಮನುಷ್ಯರು ಇಳಿಯಬೇಕಾಗಿಲ್ಲ.

ಮೊನ್ನೆ ಅದನ್ನು ಮೊದಲ ಸಲ ಇಳಿಸುವ ಮುಂಚೆ ತುಂಪೆಂಗ್ ಮಾಡಿದ್ದೆ. ಹಳದಿ ಅನ್ನದ ಗೋಪುರದ ತುದಿ ಕತ್ತರಿಸಿ ಮರ್ಯಾದೆಯಿಂದ ಅಪ್ಪನ ಕೈಗಿತ್ತೆ. ಅಲ್ಲೇ ಎಡವಟ್ಟಾಯಿತು. ನಿವೃತ್ತರಾಗುವವರಿಗೂ ಅದೇ ತುದಿಯನ್ನಲ್ಲವೇ ಕೊಡುವುದು! "ಏನೇ ಮುರ್, ಜನರ ಮುಂದೆ ನನ್ನನ್ನ ಮನೆಗೆ ಕಳಿಸ್ತಿದ್ದೀಯಾ?" ಎಂದು ತಟ್ಟೆ ಕೆಳಗಿಟ್ಟು ಮುಖ ಊದಿಸಿಕೊಂಡರು.

ಪಂಜ ದೋಣಿಯೊಳಗೆ ಹೋಗಿ ಬಾಯಿ ತೆರೆಯಿತು, ಮತ್ತೆ ಮುಚ್ಚಲೇ ಇಲ್ಲ. ತೆರೆದ ಬಾಯಿ ಹೊರಕ್ಕೂ ಬರಲೊಲ್ಲದು. ಆಗ ನಿನ್ನಪ್ಪನ ಮುಖ ಅರಳಿದ್ದು ನೋಡಬೇಕಿತ್ತು. "ನೋಡಿದ್ಯಾ? ಕಬ್ಬಿಣಕ್ಕೆ ಕಬ್ಬಿಣದ್ದೇ ಬುದ್ಧಿ. ತಾ ಇಲ್ಲಿ ಮಾಸ್ಕು" ಎಂದರು. ಅಷ್ಟರಲ್ಲಿ ನಾನು ಅದನ್ನು ಕಟ್ಟಿಕೊಂಡಾಗಿತ್ತು. "ಪಂಜ ನಂದು, ನಾನೇ ಹೋಗ್ತೀನಿ. ನೀವು ಹಗ್ಗ ಹಿಡ್ಕೊಳ್ಳಿ" ಎಂದೆ. "ಹುಚ್ಚು ಗಿಚ್ಚು ಹಿಡಿದಿದೆಯೇನೇ ನಿಂಗೆ?" ಎನ್ನುವುದರೊಳಗೆ ನೀರಿನಲ್ಲಿದ್ದೆ. ಬವೆಯಾನ್ ದ್ವೀಪದಲ್ಲಿ ಹುಟ್ಟಿದವಳಿಗೆ ಬಂದರಿನ ನೀರು ಯಾವ ಲೆಕ್ಕ!

ಹಗ್ಗದ ಮಾತು ನಿನಗೆ ಗೊತ್ತಲ್ಲ. ಮೇಲಿನವರು ಜಗ್ಗಿದರೆ ಕೆಳಗಿನವರೂ ಜಗ್ಗಬೇಕು, ಬದುಕಿದ್ದೇನೆ ಅಂತ. ಅಪ್ಪ ಜಗ್ಗಿದರಂತೆ, ಮತ್ತೆ ಮತ್ತೆ ಜಗ್ಗಿದರಂತೆ. ಉತ್ತರವಿಲ್ಲ. ಎಳೆದುಬಿಡೋಣವೆಂದರೆ ಮಾಸ್ಕಿಗೆ ಮೇಲಿನಿಂದ ಗಾಳಿ ಕೊಡುವ ಪೈಪು ದೋಣಿಯ ಕಬ್ಬಿಣಕ್ಕೆ ಸಿಕ್ಕಿ ಹರಿದೀತೆಂಬ ಭಯ. ನಾನು ಮೇಲೆ ಬಂದ ಮೇಲೂ ಅವರು ಹಗ್ಗ ಬಿಡಲಿಲ್ಲ. "ಮೇಲೆ ನಿಂತ್ಕೊಳ್ಳೋದು ಹಿಂಗಿರತ್ತೆ ಅಂತ ಒಂದಿನನಾದ್ರೂ ಹೇಳಿದ್ಯಾ ನೀನು?" ಎಂದು ಎಲ್ಲರೆದುರು ಅತ್ತುಬಿಟ್ಟರು, ಕಣೇ. ನೀನು ಹೊಟ್ಟೆಯಲ್ಲಿದ್ದಾಗಲೂ ಆ ಹಗ್ಗ ಹಿಡಿದು ನಿಂತವಳು ನಾನು.

ಪಂಜ ಈಗ ಚೆನ್ನಾಗಿ ಕಚ್ಚುತ್ತಿದೆ. ಅಪ್ಪ ಅವತ್ತೇ ಮಾಸ್ಕನ್ನು ಯಾರಿಗೋ ಕೊಟ್ಟುಬಿಟ್ಟರು. ಇನ್ನು ಇಳಿಯುವುದಿಲ್ಲವಂತೆ. ನಾನೂ ಇಳಿಯಬಾರದಂತೆ. ನೀನು ನೆಮ್ಮದಿಯಾಗಿ ನಿದ್ದೆ ಮಾಡು.

ನಿನ್ನ ಅಮ್ಮ,
ಮುರ್ಯಾತಿ

ತಾ.ಕ.: ಇದನ್ನು ಅಪ್ಪನಿಗೆ ಹೇಳಬೇಡ. ಪಂಜ ಕೆಟ್ಟಿರಲಿಲ್ಲ, ಅದು ಕಚ್ಚಲು ಬೇಕಾದ ಎಣ್ಣೆ ಪೈಪಿನ ವಾಲ್ವನ್ನು ನಾನೇ ಮೊದಲೇ ಮುಚ್ಚಿಟ್ಟಿದ್ದೆ. ಕೆಳಗೆ ಹೋಗಿ ತಿರುಗಿಸಿದ್ದೇ ತಡ, ಕೆಲಸ ಮುಗಿಯಿತು. ಆಮೇಲೆ ಕೆಸರಿನಲ್ಲಿ ಸುಮ್ಮನೆ ಕೂತಿದ್ದೆ. ಅವರು ಜಗ್ಗಿದ್ದು ಒಂದೊಂದೂ ನನಗೆ ಗೊತ್ತಾಗುತ್ತಿತ್ತು.