ಕೌದಿಯ ನಡುವಿನ ಜಾಗ

ಹರಿಹರ
12-2-2025

ಪ್ರೀತಿಯ ಪುಟ್ಟಕ್ಕನಿಗೆ ನಿನ್ನ ತಂಗಿ ಸರೋಜಾ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಮಂಡಿನೋವು, ಬೋರಣ್ಣ ಭಾವನ ಕೆಮ್ಮು ಹೇಗಿವೆ? ಸಂಕ್ರಾಂತಿಗೇ ಬರೆಯಬೇಕಿತ್ತು, ಬರೆಯಲಿಲ್ಲ, ತಪ್ಪು ತಿಳಿಯಬೇಡ. ಫೋನ್ ಮಾಡಬಹುದಿತ್ತು. ಆದರೆ ಭಾವ ಅದನ್ನು ಸ್ಪೀಕರಿಗೆ ಹಾಕಿ ಜಗಲಿಯ ಮೇಲೆ ಇಡುತ್ತಾರೆ, ನಾನು ಇಲ್ಲಿ ಸೀನಿದರೂ ನಿಮ್ಮ ಲೋಕಿಕೆರೆಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಕಾಗದ.

ಸುದ್ದಿ ಏನೆಂದರೆ, ಈ ವಯಸ್ಸಿನಲ್ಲಿ ನಾನು ಹೊಲಿಗೆ ಶಿಬಿರಕ್ಕೆ ಹೋಗಿದ್ದೆ. ದಾವಣಗೆರೆಯಲ್ಲಿ, ಆನೆಕೊಂಡದ ಹತ್ತಿರ ಒಂದು ಸಮುದಾಯ ಭವನದಲ್ಲಿ, ಶನಿವಾರ ಶನಿವಾರ. ಹಳೇ ಬಟ್ಟೆ ಹೊಲಿದು ನಮ್ಮ ಕಥೆ ಹೇಳಿಕೊಂಡರೆ ಮನಸ್ಸಿನ ಗಾಯ ಮಾಯುತ್ತದಂತೆ. ಹಾಗಿದ್ದರೆ ಹರಿಹರದ ದರ್ಜಿಗಳೆಲ್ಲ ಋಷಿಗಳಾಗಿರಬೇಕಿತ್ತು. ನಮ್ಮ ಬೀದಿಯ ದರ್ಜಿಯಂತೂ ಮೂರು ಹೊತ್ತೂ ಹೆಂಡತಿಯ ಜೊತೆ ಜಗಳ ಕಾಯುತ್ತಾನೆ.

ಸೇರಿಸಿದ್ದು ಸೊಸೆ ಸುಧಾ. "ಅತ್ತೆ, ನಿಮ್ಮ ಅವ್ವ ಹೋದ್ಮೇಲೆ ನೀವು ಯಾರ್ ಜೊತೆಗೂ ನೆಟ್ಟಗೆ ಮಾತಾಡಿಲ್ಲ. ಹೋಗಿ ಬರ್ರಿ, ಮನಸ್ಸು ಹಗುರಾಗ್ತೈತೆ" ಅಂದಳು. ನನ್ನ ಮನಸ್ಸಿನ ತೂಕ ಇವಳು ಯಾವಾಗ ನೋಡಿದಳೋ! ವಾರಕ್ಕೊಂದು ದಿನವಾದರೂ ನನ್ನ ಬಾಯಿಂದ ತಪ್ಪಿಸಿಕೊಳ್ಳಲು ಹೂಡಿದ ಉಪಾಯ, ಅಷ್ಟೇ.

ಹೇಳಿಕೊಡುವವಳು ಸಿಮ್ರಾನ್ ಎಂಬ ಹುಡುಗಿ. ಕಿವಿಯಲ್ಲಿ ಅಂಗಿ ಗುಂಡಿಯ ಓಲೆ. ಮೊದಲ ದಿನವೇ ಎಲ್ಲರ ಕಣ್ಣು ಮುಚ್ಚಿಸಿ, ತಂದ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಳ್ಳಿ ಎಂದಳು. ನಾನು ಕಣ್ಣು ಬಿಟ್ಟುಕೊಂಡೇ ಕೂತಿದ್ದೆ. ಅಷ್ಟೊಂದು ಹೆಂಗಸರು ಸಾಲಾಗಿ ಕೂತು ಹಳೇ ಬಟ್ಟೆ ಮೂಸುವುದನ್ನು ನೀನು ನೋಡಬೇಕಿತ್ತು.

ಭಾಗ್ಯಲಕ್ಷ್ಮಿ ಅಂತ ಒಬ್ಬಳು ಗಂಡನ ರೇಷ್ಮೆ ಪಂಚೆ ಕತ್ತರಿಸಿ, ಅದರ ಮೇಲೆ ಪಂಜರ ಬಿಟ್ಟು ಹಾರುವ ಹಕ್ಕಿ ಹೊಲಿದಳು. ಮದುವೆಯಾದಾಗಿನಿಂದ ಅವಳನ್ನು ಅವನು ಹೊಸಲು ದಾಟಲು ಬಿಟ್ಟಿಲ್ಲವಂತೆ. ಎಲ್ಲರೂ ಕಣ್ಣೊರೆಸಿಕೊಂಡರು. ನನಗೆ ಅದು ಕೋಳಿಯ ಹಾಗೆ ಕಂಡಿತು. ಸಂಜೆ ಅದೇ ಗಂಡ ಕಾರು ತಂದ, ಹಕ್ಕಿ ಮುಂದಿನ ಸೀಟಿನಲ್ಲಿ ಕೂತು ಎ.ಸಿ. ಹಾಕಿಸಿಕೊಂಡು ಹೋಯಿತು.

ನಮ್ಮ ಬೀದಿಯ ಖತೀಜಾಬೀ ಒಬ್ಬಳ ಬಗ್ಗೆ ನಾನು ಏನೂ ಅನ್ನುವುದಿಲ್ಲ. ಹೊಳೆಗೆ ಈಜಲು ಹೋಗಿ ತಿರುಗಿ ಬಾರದ ಮಗನ ಶಾಲೆ ಅಂಗಿಗಳನ್ನು ತಂದಿದ್ದಳು. ಕಥೆ ಹೇಳಿ ಅಂದರೆ, "ಅಂಗೀನೇ ಹೇಳ್ತೈತಲ್ಲ ಬೇಟಿ, ನಾನ್ಯಾಕ ಹೇಳ್ಲಿ" ಅಂದು ತನ್ನ ಪಾಡಿಗೆ ಹೊಲಿಯುತ್ತ ಕೂತಳು. ಮೊದಮೊದಲು ಮಧ್ಯಾಹ್ನ ತಟ್ಟೆಯಲ್ಲಿ ಅನ್ನ ಬಿಡುತ್ತಿದ್ದವಳು ಬರಬರುತ್ತ ಪೂರ್ತಿ ಉಣ್ಣತೊಡಗಿದಳು. ಅದು ಹೊಲಿಗೆಯಿಂದಲೋ ಅಲ್ಲಿನ ಪಲಾವಿನಿಂದಲೋ, ನನಗೆ ಗೊತ್ತಿಲ್ಲ.

ಇನ್ನು ನನ್ನದು. ಅವ್ವನ ನೆನಪಿಗೆ ಹೊದೆಯಲು ಒಂದು ಕೌದಿ ಹೊಲಿಯುತ್ತೇನೆ ಎಂದು ಮೊದಲೇ ಹೇಳಿಬಿಟ್ಟಿದ್ದೆ. ಸುತ್ತಲೂ ನನ್ನ ಸೀರೆ, ಸುಧಾಳ ಚೂಡಿದಾರ, ಮೊಮ್ಮಗಳ ಲಂಗ ಎಲ್ಲ ಹಚ್ಚಿದೆ. ಹೊಲಿಗೆ ಅಂಕುಡೊಂಕು, ಅವ್ವ ಇದ್ದಿದ್ದರೆ ಬೈದು ಬಿಚ್ಚಿಸುತ್ತಿದ್ದಳು. ಅವಳ ಪದ್ಧತಿ ನಿನಗೆ ನೆನಪಿರಬೇಕು. ಕೌದಿಯ ನಡುವಿಗೆ ಹೆತ್ತವಳು ಉಟ್ಟು ಹಳತು ಮಾಡಿದ ಸೀರೆಯೇ ಬರಬೇಕು, ಅಲ್ಲಿಗೆ ಬೇರೆ ಬಟ್ಟೆ ಕೂಡದು. ನನ್ನ ಹತ್ತಿರ ಅವ್ವನ ಒಂದು ಚಿಂದಿಯೂ ಇಲ್ಲ. ನಡು ಹಾಗೇ ಖಾಲಿ ಉಳಿಯಿತು.

"ಆಂಟಿ, ನಡುವೆ ಏನ್ ಬರ್ತೈತೆ?" ಎಂದಳು ಸಿಮ್ರಾನ್.

"ಏನೂ ಬರಲ್ಲ. ತೂತು."

"ಸೂಪರ್ ಆಂಟಿ! ಹಂಗೇ ಬಿಡ್ರಿ, ಮುಚ್ಚೋದೇ ಬ್ಯಾಡ. ಅದೇ ನಿಮ್ಮ ಕಥೆ."

ಹೋದ ಭಾನುವಾರ ಪ್ರದರ್ಶನ. ಎಲ್ಲರ ಕೆಲಸ ಗೋಡೆಗೆ, ನನ್ನದು ಮಾತ್ರ ಭವನದ ನಟ್ಟನಡುವೆ ಹಗ್ಗದ ಮೇಲೆ. ಬಂದವರೆಲ್ಲ ತೂತಿನಲ್ಲಿ ಮುಖ ತೂರಿಸಿ ಸೆಲ್ಫಿ ತೆಗೆದುಕೊಂಡರು. ಗುರುಮೂರ್ತಿ ಅಂತ ಕಾಲೇಜಿನ ಮೇಷ್ಟ್ರು, "ಈ ಶೂನ್ಯ ಮಾತಾಡ್ತೈತ್ರಿ ಮೇಡಂ" ಅಂದರು. ಏನ್ ಮಾತಾಡ್ತೈತ್ರಿ ಅಂತ ಕೇಳಿದೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಕೊನೆಗೆ ನನಗೊಂದು ಶಾಲು ಹೊದಿಸಿದರು. ತೂತಿಗೆ ಸನ್ಮಾನ ಮಾಡುವ ಜನ ದಾವಣಗೆರೆಯಲ್ಲಿ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಖತೀಜಾಬೀ ನನ್ನ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ನೋಡಿದಳು. "ಸರೋಜಮ್ಮ, ಇದನ್ನ ಹೊದ್ಕೊಂಡ್ರೆ ಎದಿಗೆ ಚಳಿ ಹೊಡೀತೈತೆ. ಏನಾರ ಹಾಕಿ ಮುಚ್ಚು" ಅಂದಳು. ನಿನಗ್ಯಾಕ ಬೇಕು ಅಂತ ಅವಳಿಗೂ ಬೈದೆ. ಆಮೇಲೆ ಹರಿಹರ ಬರುವತನಕ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದೆ.

ಭಾವನಿಗೆ ನಮಸ್ಕಾರ ಹೇಳು. ನಿನ್ನ ಮಗ ಮಾಲತೇಶನಿಗೂ ಅವನ ಮಕ್ಕಳಿಗೂ ನನ್ನ ಆಶೀರ್ವಾದ, ಎಲ್ಲರೂ ತಣ್ಣಗಿರಲಿ. ದೊಡ್ಡವಳು ನೀನು, ನಮಗೂ ಒಳ್ಳೆಯದಾಗಲಿ ಅನ್ನು.

ಇಂತಿ ನಿನ್ನ ತಂಗಿ
ಸರೋಜಾ

ತಾ.ಕ.: ಅವ್ವನ ತಿಥಿ ಮುಗಿದ ಮೇಲೆ ಅವಳದೊಂದು ಸೀರೆ ಕೇಳಲು ನಾನು ಲೋಕಿಕೆರೆಗೆ ಬಂದಿದ್ದೆನಲ್ಲ, ಆವತ್ತು ನೀನು, "ಆ ಹಳೇ ಸೀರೆ ಯಾರ್ ಉಡ್ತಾರ ಬಿಡು, ಎಲ್ಲಾ ಪಾತ್ರೆ ಮಾರೋಳಿಗೆ ಹಾಕ್ದೆ, ನೋಡು ಎಂಥಾ ಡಬರಿ ಕೊಟ್ಟಾಳೆ" ಅಂತ ಒಳಗಿಂದ ಸ್ಟೀಲಿನ ಡಬರಿ ತಂದು ತೋರಿಸಿದೆ. ಅದರಲ್ಲೇ ಮಂಡಕ್ಕಿ ಕಲಸಿ ಕೊಟ್ಟೆ. ನಾನು ತಿಂದೆ. ಊರಿಗೆಲ್ಲ ಬಾಯಿ ಮಾಡುವ ನಾನು ಆವತ್ತು ಆ ಡಬರಿ ತೊಳೆದಿಟ್ಟು ಬಸ್ಸು ಹತ್ತಿದೆ. ನೀನು ಕೇಡು ಬಗೆದು ಮಾಡಿದ್ದಲ್ಲ, ಗೊತ್ತು. ಆದರೂ ನಿನ್ನ ಮೇಲೆ ಬಹಳ ಸಿಟ್ಟಿದೆ ಅಕ್ಕ, ಇಷ್ಟು ದಿನ ಬರೆಯದೆ ಇದ್ದದ್ದೂ ಅದಕ್ಕೇ. ಆ ಪಾತ್ರೆಯವಳು ಯಾವ ಊರಿನವಳು? ಮತ್ತೆ ಆ ಕಡೆ ಬಂದರೆ ಕೇಳಿ ಬರೆ. ಅವ್ವನ ಹಸಿರಂಚಿನ ಸೀರೆಯನ್ನು ಯಾರಾದರೂ ನೆಲ ಒರೆಸಲು ಇಟ್ಟುಕೊಂಡಿದ್ದರೂ ಸರಿ, ನಾನೇ ಹೋಗಿ ಕೈಮುಗಿದು ಇಸಿದುಕೊಂಡು ಬರುತ್ತೇನೆ.